ಚಿತ್ರದುರ್ಗದಿಂದ ವಿಜಯಪುರಕ್ಕೆ, ಕಾರಿನಲ್ಲೇ ಕಲ್ಲು ಗುರುತಿಸುತ್ತ: ನನ್ನ ಅನುಭವ

ಕಾರಿನ ಕಿಟಕಿಯಿಂದ ಶಿಲೆ ಗುರುತಿಸಲು ಆಗುವುದೇ ಇಲ್ಲ ಎಂದವರೇ ಹೆಚ್ಚು. ಆಗುತ್ತದೆ. ಹೊಸಪೇಟೆ, ಹುನಗುಂದ, ಐಹೊಳೆ, ಬಾದಾಮಿ ಮೇಲೆ ಹೋಗುವ ಈ ದಾರಿಯಲ್ಲಿ ಕಲ್ಲು ಎಲ್ಲಿ ಬದಲಾಗುತ್ತದೆ ಎಂಬುದನ್ನು ಗಾಡಿ ಓಡುತ್ತಿರುವಾಗಲೇ ಹಿಡಿಯುತ್ತೇನೆ. ಸ್ಟೇರಿಂಗ್ ಮಾತ್ರ ಬೇರೆಯವರ ಕೈಲಿರಬೇಕು.

ಸರ್ಕಾರದ ಭೂವೈಜ್ಞಾನಿಕ ಜಾಲತಾಣ ಭೂಕೋಶದಿಂದ ಶಿಲೆಗಳ ನಕ್ಷೆ ಇಳಿಸಿ, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಕತ್ತರಿಸಿ ಫೋನಿಗೆ ಹಾಕುವುದು ಸಾಮಾನ್ಯ ದಾರಿ. ಅದೊಂದನ್ನೇ ನಂಬಿದರೆ ಕೈಕೊಡುತ್ತದೆ. ನಕ್ಷೆಯ ಗೆರೆ ನೆಲದಲ್ಲಿ ನೂರಾರು ಮೀಟರ್ ಆಚೀಚೆ ಆಗಬಹುದು, ಮೇಲೆ ಮಣ್ಣು ಬೇರೆ ಮುಚ್ಚಿರುತ್ತದೆ. ಮಣ್ಣಿನ ಬಣ್ಣವೂ ಮೋಸವೇ: ಎರೆ (ಕಪ್ಪು ಮಣ್ಣು) ಕಂಡಲ್ಲೆಲ್ಲ ಬಸಾಲ್ಟ್ (ಲಾವಾ ಆರಿ ಆದ ಕಪ್ಪು ಕಲ್ಲು) ಎನ್ನುವವರು ಗದಗ ಸೀಮೆಗೆ ಹೋಗಿ ನೋಡಲಿ, ಅಲ್ಲಿ ಎರೆಯಡಿ ಹಾಳೆಹಾಳೆಯಾಗಿ ಏಳುವ ಶಿಸ್ಟ್ ಕಲ್ಲು ಇದೆ.

ನಾನು ನೋಡುವುದು ಹೊಸ ಬಾವಿ, ಕೃಷಿಹೊಂಡಗಳ ದಂಡೆ. ಅಲ್ಲಿ ಸುರಿದ ಕಲ್ಲು ಅದೇ ಗುಂಡಿಯದು, ಒಡೆದ ಮುಖವೂ ಹೊಸದು. ರಸ್ತೆಯ ಜಲ್ಲಿ ಎಲ್ಲಿಂದಲೋ ಬಂದದ್ದು, ಅದನ್ನು ಬಿಡಿ. ಬೇಲಿಗೆ ಉದ್ದಕ್ಕೆ ಸೀಳಿದ ಕಲ್ಲುಕಂಬ ಸಾಲಾಗಿದ್ದರೆ ಗ್ರಾನೈಟೋ ನೈಸೋ (ಪಟ್ಟೆಪಟ್ಟೆಯ ಗಟ್ಟಿ ಕಲ್ಲು) ದೂರವಿಲ್ಲ. ಬಸಾಲ್ಟ್ ಹಾಗೆ ಸೀಳುವುದಿಲ್ಲ.

ಕ್ಯಾಮೆರಾ ಕಟ್ಟಿಯೂ ನೋಡಿದೆ. ಗಂಟೆಗೆ 80ರ ವೇಗದಲ್ಲಿ 2 ಸೆಕೆಂಡಿಗೊಂದು ಫೋಟೋ ಎಂದರೆ ನಡುವೆ 44 ಮೀಟರ್ ಹೋಯಿತು, ಒಂದು ಬಾವಿದಂಡೆ ಪೂರ್ತಿ ತಪ್ಪುತ್ತದೆ. 40ಕ್ಕೆ ಇಳಿಸಿದರೆ ಸರಿ, ಆದರೆ ಹೆದ್ದಾರಿಯಲ್ಲಿ ಬೇಡ, ಸರ್ವಿಸ್ ರಸ್ತೆ ಹಿಡಿಯಿರಿ.

ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬು ಲಾವಾ (ನೀರಿನಡಿ ಉಕ್ಕಿ ದಿಂಬಿನಾಕಾರಕ್ಕೆ ಗಟ್ಟಿಯಾದ ಲಾವಾ) ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುತ್ತಿಗೆ ಕಾರಲ್ಲೇ ಇರಲಿ. ಹಂಪಿಯ ಬಂಡೆಗಳ ಬಿರುಕುಸಾಲು ಓರೆಬಿಸಿಲಿಗಷ್ಟೇ ಎದ್ದು ಕಾಣುತ್ತದೆ, ಮಧ್ಯಾಹ್ನ ಹೋದರೆ ದಂಡ. ಬಾದಾಮಿಗೆ ಅರ್ಧ ದಿನ ಕೊಡಿ. ಮರಳುಗಲ್ಲಿನ ಗೋಡೆಯಲ್ಲಿ ಓರೆ ಪದರಗಳ ಒಂದು ಕಟ್ಟು, ಅದರ ತಲೆ ಸವರಿದಂತೆ ಒಂದು ಗೆರೆ, ಮೇಲೆ ಇನ್ನೊಂದು ಕಟ್ಟು. ಪದರ ಇಳಿದ ದಿಕ್ಕೇ ಆಗ ಮರಳು ತಂದ ಹರಿವಿನ ದಿಕ್ಕು. ಬಾಗಲಕೋಟೆ ಗುಂಪು ಎಂಬ ಇನ್ನೂ ಹಳೆಯ ಕಲ್ಲುಗಳ ವಾಲಿದ ಪದರಗಳ ಮೇಲೆ ಈ ಮರಳುಗಲ್ಲು ಚಪ್ಪಟೆಯಾಗಿ ಕೂತದ್ದನ್ನು ರಸ್ತೆಯಿಂದಲೇ ತೋರಿಸುವ ತಿರುವು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಒಡೆದು ಒಯ್ಯುತ್ತಾರೆ.

ಪೆಟ್ರೋಲಿಗೆ ಮೂರೂವರೆ ಸಾವಿರದ ಆಸುಪಾಸು, ಟೋಲ್ ಬೇರೆ. ಜೇಬು ಖಾಲಿಯಾಗುವುದು ಎರೆಯಲ್ಲಿ ಹೂತ ಗಾಡಿಗೆ ಟ್ರ್ಯಾಕ್ಟರ್ ಕರೆಸಿದಾಗ. ಮಳೆ ಬಿದ್ದು ಮೂರು ದಿನವಾದರೂ ಆಗದೆ ಡಾಂಬರು ಬಿಟ್ಟು ಇಳಿಯಬೇಡಿ.

ಕೃಷ್ಣೆ ದಾಟಿ ವಿಜಯಪುರದತ್ತ ಹೋದಂತೆ ಸುಮಾರು 6.6 ಕೋಟಿ ವರ್ಷ ಹಳೆಯ ಬಸಾಲ್ಟ್. ಅಲ್ಲಿ ಬಾವಿಯೊಳಗೇ ಬಗ್ಗಿ ನೋಡಿ. ಗುಳ್ಳೆತೂತುಗಳ ದಪ್ಪ ಪಟ್ಟಿ ಸಾಮಾನ್ಯವಾಗಿ ಒಂದು ಲಾವಾ ಹರಿವಿನ ತಲೆ. ಅಂಥ ಒಂದು ತಲೆಯಿಂದ ಇನ್ನೊಂದರವರೆಗೆ ಅಳೆದರೆ ಹರಿವಿನ ದಪ್ಪ ಸಿಗುತ್ತದೆ.