ಹಸಿ ಹಾಲು ಹಸಿರಲ್ಲ: ಒಂದು ನಿಘಂಟು ನಮೂದು ಬರೆದ ಬಗೆ

‘ಹಸಿರು’ ಪದದ ನಮೂದಿಗೆ ನಾನು ಮೊದಲು ಬಣ್ಣವನ್ನೇ ಒಂದನೆಯ ಅರ್ಥವಾಗಿ ಇಟ್ಟೆ. ಎಡವಟ್ಟಾದದ್ದು ಅಲ್ಲೇ. ಹಸಿ, ಹಸಿರು, ಪಚ್ಚ ಎಲ್ಲ ಒಂದೇ ಬೇರಿನವು; ಆದರೆ ಹಸಿ ಹಾಲು ಬೆಳ್ಳಗಿರುತ್ತದೆ, ಹಸಿ ಇಟ್ಟಿಗೆಗೆ ಮಣ್ಣಿನ ಬಣ್ಣ, ಪಚ್ಚಕರ್ಪೂರದಲ್ಲಂತೂ ಹಸಿರಿನ ಸುಳಿವೇ ಇಲ್ಲ. ಇವನ್ನೆಲ್ಲ ಅಪವಾದ ಎಂದು ಕೊನೆಗೆ ತಳ್ಳುತ್ತ ಹೋದರೆ ಅಪವಾದಗಳೇ ನಮೂದಿಗಿಂತ ಉದ್ದವಾಗುತ್ತವೆ. ಬಣ್ಣವನ್ನು ಕೆಳಗಿಳಿಸಿ ‘ಹಸಿ’ಯಿಂದ ಶುರುಮಾಡಿದ ಮೇಲೆ ಗಂಟು ಬಿಚ್ಚಿತು.

ಸಾಮಗ್ರಿ ಕೂಡಿಸುವಾಗ ಒಂದು ಪ್ರಯೋಗಕ್ಕೆ ಒಂದೇ ಚೀಟಿ. ಪೂರ್ತಿ ವಾಕ್ಯ, ಆಕರ, ಕಾಲ ಮೂರೂ ಅದರಲ್ಲಿರಬೇಕು. ‘ಹಸಿ ಗೋಡೆ’ ಎಂದಷ್ಟೇ ಬರೆದುಕೊಂಡರೆ ಆಮೇಲೆ ಅದು ಹೊಸದಾಗಿ ಕಟ್ಟಿದ್ದೋ ಮಳೆಗೆ ನೆನೆದದ್ದೋ ತಿಳಿಯುವುದಿಲ್ಲ. ಹುಡುಕುವಾಗ ಹಕಾರದ ಜೊತೆಗೆ ಪಕಾರವನ್ನೂ ನೋಡಲೇಬೇಕು. ಹಳಗನ್ನಡದ ಪದಾದಿ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು: ಪಾಲ್–ಹಾಲು, ಪುಲಿ–ಹುಲಿ, ಹಾಗೆಯೇ ಪಸುರ್–ಹಸುರು–ಹಸಿರು. ಕಿಟೆಲ್ ಅವರ 1894ರ ನಿಘಂಟಿನಲ್ಲೂ ಎರಡೂ ಕಡೆ ಬೆರಳಿಡಬೇಕಾಗುತ್ತದೆ.

ಅರ್ಥಗಳನ್ನು ಬೇರ್ಪಡಿಸಲು ನನಗೆ ಒದಗಿದ್ದು ವಿರುದ್ಧಪದದ ಪರೀಕ್ಷೆ. ಪ್ರತಿ ಚೀಟಿಯ ಬೆನ್ನಿಗೆ ‘ಹಸಿಯಲ್ಲದಿದ್ದರೆ ಏನು?’ ಎಂಬುದರ ಉತ್ತರ ಬರೆದೆ. ಹಸಿ ಕಟ್ಟಿಗೆಗೆ ಒಣ ಕಟ್ಟಿಗೆ, ಹಸಿ ಹಾಲಿಗೆ ಕಾಯಿಸಿದ ಹಾಲು, ಹಸಿ ಇಟ್ಟಿಗೆಗೆ ಸುಟ್ಟ ಇಟ್ಟಿಗೆ, ಹಸಿ ಗಾಯಕ್ಕೆ ಮಾಯ್ದ ಗಾಯ. ಉತ್ತರ ಬದಲಾದಲ್ಲೆಲ್ಲ ಹೊಸ ಉಪಾರ್ಥ. ‘ಹಸಿ ಬಾಣಂತಿ’ಯ ಚೀಟಿ ಮೊದಲು ಎಲ್ಲೂ ಕೂರಲಿಲ್ಲ, ‘ಈಗಷ್ಟೇ ಆದ’ ಎಂಬ ಉಪಾರ್ಥ ಮಾಡಿದಾಗ ಹಸಿ ಗಾಯವೂ ಅದರ ಪಕ್ಕಕ್ಕೆ ಬಂತು. ಹಸುಳೆ, ಹಸುಗೂಸು ಎಳೆತನದ ಗುಂಪಿಗೆ ಹೋದವು. ‘ಹಸಿ ಸುಳ್ಳಿ’ಗೆ ಮಾತ್ರ ಎದುರುಪದ ಹೊಳೆಯುವುದಿಲ್ಲ. ಬೇಯಿಸಿದ ಸುಳ್ಳು ಎಂದು ಯಾರೂ ಅನ್ನುವುದಿಲ್ಲವಲ್ಲ! ಎದುರುಪದ ಸಿಗದ್ದು ಲಾಕ್ಷಣಿಕ (ನೇರ ಅರ್ಥ ಬಿಟ್ಟ ಬಳಕೆ) ಎಂದು ಗುರುತಿಸಿದೆ. ಹಸಿಮೆಣಸಿನಕಾಯಿಯೂ ಈ ಪರೀಕ್ಷೆಯಲ್ಲಿ ಬಣ್ಣದ ಸಾಲಿನಿಂದ ಹೊರಬಿತ್ತು: ಅದರ ಎದುರು ನಿಲ್ಲುವುದು ಕೆಂಪಲ್ಲ, ಒಣಮೆಣಸಿನಕಾಯಿ.

ಮೋಸಮಾಡುವುದು ಹತ್ತಿರದ ರೂಪಗಳು. ‘ಹಸು’ ಸಂಸ್ಕೃತ ‘ಪಶು’ವಿನ ತದ್ಭವ, ಹಸುಗೂಸಿನ ‘ಹಸು’ಗೂ ಅದಕ್ಕೂ ನಂಟಿಲ್ಲ. ಹೆಸರುಕಾಳಿನ ಸಿಪ್ಪೆ ಹಸಿರಾದರೂ ಹೆಸರು ಬೇರೆ ಬೇರಿನದು: ತಮಿಳಿನ ‘ಪಯರು’, ತೆಲುಗಿನ ‘ಪೆಸಲು’ ಅದರ ಒಡಹುಟ್ಟುಗಳು. ಹಸಿವನ್ನೂ ಬೇರೆ ನಮೂದಾಗಿಸಿದೆ; ಅರ್ಥಗಳ ನಡುವೆ ಸೇತುವೆ ತೋರಿಸುವ ಒಂದು ಚೀಟಿಯೂ ಇಲ್ಲದೆ ಸದ್ದಿನ ಹೋಲಿಕೆಗೆ ಮರುಳಾಗಬಾರದು.

‘ಹಚ್ಚೆ’ಯದು ಇದಕ್ಕೆ ತಿರುಗುಮುರುಗು. ‘ಹಚ್ಚುವುದರಿಂದ ಹಚ್ಚೆ’ ಎಂಬ ವಿವರಣೆ ಕೇಳಲು ಚೆನ್ನ, ಆದರೆ ಹಚ್ಚೆಯನ್ನು ಹಚ್ಚುವುದಿಲ್ಲ, ಚುಚ್ಚುತ್ತಾರೆ. ಅಕ್ಕಪಕ್ಕದ ಭಾಷೆ ನೋಡಿದರೆ ಅನುಮಾನ ತೀರುತ್ತದೆ: ತಮಿಳಿನಲ್ಲಿ ‘ಪಚ್ಚೈ ಕುತ್ತು’, ತೆಲುಗಿನಲ್ಲಿ ‘ಪಚ್ಚಬೊಟ್ಟು’. ಚರ್ಮದ ಕೆಳಗಿಳಿದ ಕಪ್ಪು ಮಸಿ ಹೊರಗೆ ನೀಲಿ ಬೆರೆತ ಹಸಿರಾಗಿ ಕಾಣುತ್ತದೆ. ಹೆಸರು ಬಂದದ್ದು ಆ ಬಣ್ಣದಿಂದ. ‘ಪಚ್ಚೆ’ಯೇ ‘ಹಚ್ಚೆ’. ಪಕಾರದ ರೂಪ ರತ್ನಕ್ಕೆ ಉಳಿಯಿತು, ಹಕಾರದ್ದು ಮೈಮೇಲಿನ ಗುರುತಿಗೆ ಹೋಯಿತು, ‘ಹಚ್ಚಹಸಿರಿ’ನಲ್ಲಿ ಒಂದೇ ಬೇರು ಎರಡು ಸಲ ಕೂತಿದೆ.

ಸೋದರ ಭಾಷೆಯ ಪದ ಕೊಡುವಾಗ ಅರ್ಥವನ್ನೂ ಬರೆಯಬೇಕು. ತೆಲುಗಿನ ‘ಪಚ್ಚ’ ಹಸಿರೂ ಹೌದು, ಹಳದಿಯೂ ಹೌದು. ಹಸಿರೆಂದು ಖಚಿತಪಡಿಸಲು ‘ಆಕುಪಚ್ಚ’ ಅನ್ನುತ್ತಾರೆ. ರೂಪ ಒಂದನ್ನೇ ಕೊಟ್ಟರೆ ಓದುವವರು ದಾರಿತಪ್ಪುತ್ತಾರೆ.

ಬಣ್ಣದ ಅರ್ಥ ಕೊನೆಗೆ ಮೂರನೆಯದಾಯಿತು. ಹಸಿರು ನಿಶಾನೆ, ಹಸಿರು ಕ್ರಾಂತಿ ಅದರಡಿಯಲ್ಲಿ, ‘ಇತ್ತೀಚಿನ ಅನುವಾದ’ ಎಂಬ ಗುರುತಿನೊಂದಿಗೆ. ಹಸಿರು ಕ್ರಾಂತಿಯ ಇಂಗ್ಲಿಷ್ ಮೂಲ ಚಲಾವಣೆಗೆ ಬಂದದ್ದೇ 1968ರಲ್ಲಿ. ಕರಾವಳಿಯ ‘ಹಸಿರುವಾಣಿ’ ಅಲ್ಲಿಗೆ ಸೇರದು. ದೇವಸ್ಥಾನಕ್ಕೆ ಹೊರೆಯಾಗಿ ಒಪ್ಪಿಸುವ ಅದರಲ್ಲಿ ತರಕಾರಿಯಷ್ಟೇ ಅಲ್ಲ, ಅಕ್ಕಿ, ತೆಂಗಿನಕಾಯಿಯೂ ಇರುತ್ತವೆ. ಅದಕ್ಕೆ ‘ಬೆಳೆದ ಪದಾರ್ಥ’ ಎಂಬ ನಾಲ್ಕನೆಯ ಅರ್ಥವನ್ನೇ ಕೊಟ್ಟೆ.