ಆಮ್ಲಜನಕ ಇಳಿದಾಗ ಹೃದಯ: ಅಡ್ರಿನರ್ಜಿಕ್ ಬ್ಲಾಕರ್‌ಗಳೊಂದಿಗೆ ನನ್ನ ಪ್ರಯೋಗಾನುಭವ

ಅರಿವಳಿಕೆಯಲ್ಲಿದ್ದು ತಾನಾಗಿಯೇ ಉಸಿರಾಡುತ್ತಿರುವ ಇಲಿಗೆ ಕೊಡುವ ಗಾಳಿಯಲ್ಲಿ ಆಮ್ಲಜನಕವನ್ನು ಶೇ 21ರಿಂದ ಶೇ 10ಕ್ಕೆ ಇಳಿಸಿದರೆ, ಅಂದರೆ ಸುಮಾರು 5500 ಮೀಟರ್ ಎತ್ತರದಲ್ಲಿ ಸಿಗುವಷ್ಟೇ ಆಮ್ಲಜನಕ ಕೊಟ್ಟರೆ, ಹೃದಯ ಬಡಿತ ಸಾಮಾನ್ಯವಾಗಿ ಮೊದಲು ಏರಿ ನಂತರ ಇಳಿಮುಖವಾಗುತ್ತದೆ ಮತ್ತು ರಕ್ತದೊತ್ತಡ ಕುಸಿಯುತ್ತದೆ. ಅಂಥದೇ ಇಲಿಯ ಹೃದಯವನ್ನು ದೇಹದಿಂದ ಬೇರ್ಪಡಿಸಿ, ಲವಣದ್ರಾವಣ ಹರಿಸಿ ಮಿಡಿಯುವಂತೆ ಇಟ್ಟು, ಆ ದ್ರಾವಣದ ಆಮ್ಲಜನಕವನ್ನು ತೆಗೆದರೆ ಏರಿಕೆಯ ಸುಳಿವೇ ಇರುವುದಿಲ್ಲ. ಸಂಕೋಚನದ ಬಲ ಕೆಲವೇ ನಿಮಿಷಗಳಲ್ಲಿ ಕುಗ್ಗಿಬಿಡುತ್ತದೆ. ಹೃದಯದ ಸ್ನಾಯು ಸೋಲುತ್ತಿರುವಾಗಲೂ ನರಗಳು ಮತ್ತು ಅಡ್ರಿನಲ್ ಗ್ರಂಥಿಗಳು ಅದನ್ನು ಎಷ್ಟರ ಮಟ್ಟಿಗೆ ಎತ್ತಿ ಹಿಡಿದಿರುತ್ತವೆ ಎಂಬುದನ್ನು, ಅಡ್ರಿನಲಿನ್ ಮತ್ತು ನಾರ್ ಅಡ್ರಿನಲಿನ್‌ಗಳ ಕೆಲಸವನ್ನು ತಡೆಯುವ ಬ್ಲಾಕರ್ ಔಷಧಗಳ ನೆರವಿನಿಂದ ಅಳೆಯುವುದು ನನ್ನ ಕೆಲಸವಾಗಿತ್ತು.

ಈ ಕೆಲಸಕ್ಕೆ ಇಳಿಯುವವರು ಮೊದಲು ಉಸಿರಾಟದ ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕು. ಕುತ್ತಿಗೆಯ ಕಂಠಧಮನಿ ಕವಲೊಡೆಯುವಲ್ಲಿರುವ ಕೆರೋಟಿಡ್ ಕಾಯಗಳು ರಕ್ತದ ಆಮ್ಲಜನಕ ಇಳಿದುದನ್ನು ಗ್ರಹಿಸುತ್ತವೆ. ಉಸಿರಾಟದ ನಿಯಂತ್ರಣದಲ್ಲಿ ಈ ಭಾಗದ ಪಾತ್ರವನ್ನು ತೋರಿಸಿದ್ದಕ್ಕೇ ಕೊರ್ನೇಯ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಸಂದಿತು. ಈ ಕಾಯಗಳು ಉದ್ರೇಕಗೊಂಡಾಗ ಹೃದಯದ ಮೇಲಾಗುವ ನೇರ ಪರಿಣಾಮವೆಂದರೆ ವೇಗಸ್ ನರದ ಮೂಲಕ ಬಡಿತ ನಿಧಾನವಾಗುವುದು. ಆದರೆ ಪ್ರಾಣಿ ತಾನಾಗಿ ಉಸಿರಾಡುತ್ತಿದ್ದರೆ ಉಸಿರು ತೀವ್ರಗೊಂಡು, ಶ್ವಾಸಕೋಶ ಹಿಗ್ಗಿದುದರ ಪ್ರತಿಕ್ರಿಯೆಯಾಗಿ ಬಡಿತ ಏರುತ್ತದೆ, ಜೊತೆಗೆ ರಕ್ತದ ಇಂಗಾಲದ ಡೈಆಕ್ಸೈಡ್ ಕೂಡ ಇಳಿಯುತ್ತದೆ. ಹೀಗಾಗಿ ನಾನು ಇಲಿಗಳ ಶ್ವಾಸನಾಳಕ್ಕೆ ಕೊಳವೆ ಅಳವಡಿಸಿ ಯಂತ್ರದಿಂದ ಉಸಿರಾಟ ನಡೆಸಿದೆ. ಹೊರಬಿಡುವ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಸತತವಾಗಿ ಗಮನಿಸುತ್ತ, ಆಮ್ಲಜನಕವೊಂದನ್ನು ಬಿಟ್ಟು ಬೇರೇನೂ ಬದಲಾಗದಂತೆ ನೋಡಿಕೊಂಡೆ. ಧಮನಿ ರಕ್ತದ ಪರೀಕ್ಷೆಗೆ ಪ್ರತಿ ಸಲವೂ ಅತಿ ಕಡಿಮೆ ರಕ್ತ ತೆಗೆಯುತ್ತಿದ್ದೆ. 300 ಗ್ರಾಂ ತೂಗುವ ಇಲಿಯಲ್ಲಿ ಇರುವುದೇ ಸುಮಾರು 20 ಮಿಲಿಲೀಟರ್ ರಕ್ತ. ಮತ್ತೆ ಮತ್ತೆ ರಕ್ತ ತೆಗೆದರೆ ಅದೇ ಒಂದು ರಕ್ತಸ್ರಾವದ ಪ್ರಯೋಗವಾಗಿಬಿಡುತ್ತದೆ.

ಅರಿವಳಿಕೆಯ ಆಯ್ಕೆಗೆ ನಾನು ಬಹಳ ಮಹತ್ವ ಕೊಡುತ್ತೇನೆ. ಅನೇಕ ಪ್ರಯೋಗಾಲಯಗಳಲ್ಲಿ ಕೆಟಮಿನ್ ಜೊತೆಗೆ ಕ್ಸೈಲಜಿನ್ ಕೊಡುವುದು ರೂಢಿ. ಕ್ಸೈಲಜಿನ್ ಸ್ವತಃ ಆಲ್ಫಾ-2 ಗ್ರಾಹಕಗಳನ್ನು, ಅಂದರೆ ಅಡ್ರಿನಲಿನ್, ನಾರ್ ಅಡ್ರಿನಲಿನ್‌ಗಳಿಗೆ ಸ್ಪಂದಿಸುವ (ಅಡ್ರಿನರ್ಜಿಕ್) ಗ್ರಾಹಕಗಳ ಒಂದು ಬಗೆಯನ್ನು, ಉದ್ರೇಕಿಸುವ ಔಷಧ. ಅಡ್ರಿನರ್ಜಿಕ್ ವ್ಯವಸ್ಥೆಯನ್ನು ಅಳೆಯಲು ಹೊರಟವರು ಅದನ್ನು ಬಳಸಿದರೆ ಅಳತೆ ಶುರುವಾಗುವ ಮೊದಲೇ ಆ ವ್ಯವಸ್ಥೆಯನ್ನು ಕದಲಿಸಿದಂತೆ. ರಕ್ತಪರಿಚಲನೆಯ ಪ್ರತಿವರ್ತನೆಗಳು ಸಾಕಷ್ಟು ಉಳಿಯುತ್ತವೆ ಎಂಬ ಕಾರಣಕ್ಕೆ ನಾನು ಯುರಿಥೇನ್ ಆರಿಸಿಕೊಂಡೆ. ಅದು ಕ್ಯಾನ್ಸರ್‌ಕಾರಕವಾದ್ದರಿಂದ ಕೈಗವಸು ಧರಿಸಿಯೇ ಮುಟ್ಟಬೇಕು, ಮತ್ತು ಪ್ರಾಣಿಯನ್ನು ಮರಳಿ ಎಚ್ಚರಗೊಳಿಸದೆ ಅರಿವಳಿಕೆಯಲ್ಲೇ ಕೊನೆಗೊಳಿಸುವ ಪ್ರಯೋಗಗಳಿಗೆ ಮಾತ್ರ ಅದು ತಕ್ಕುದು. ಪಂಜ ಚಿವುಟಿದಾಗ ಕಾಲು ಹಿಂದೆಗೆಯುವುದಿಲ್ಲ, ರಕ್ತದೊತ್ತಡವೂ ಅಲುಗುವುದಿಲ್ಲ ಎಂಬುದನ್ನು ಪ್ರತಿ ಹಂತದಲ್ಲೂ ಖಚಿತಪಡಿಸಿಕೊಳ್ಳುವುದು ಪ್ರಾಣಿಯ ಬಗೆಗಿನ ನಮ್ಮ ಕರ್ತವ್ಯ. ನೋವಿನಿಂದ ಸ್ರವಿಸುವ ಅಡ್ರಿನಲಿನ್ ಫಲಿತಾಂಶವನ್ನೇ ಕೆಡಿಸುತ್ತದೆ ಎಂಬುದೂ ಅಷ್ಟೇ ನಿಜ. ದೇಹದ ಉಷ್ಣತೆಯನ್ನು 37 ಡಿಗ್ರಿಯಲ್ಲಿ ಹಿಡಿದಿಟ್ಟೆ, ಏಕೆಂದರೆ ಆಮ್ಲಜನಕ ಕಡಿಮೆಯಾದಾಗ ಸಣ್ಣ ಪ್ರಾಣಿಗಳ ಮೈ ತಣ್ಣಗಾಗುತ್ತದೆ, ತಣ್ಣಗಾದ ಹೃದಯ ಬೇರೆ ಕಾರಣವಿಲ್ಲದೆಯೂ ನಿಧಾನವಾಗುತ್ತದೆ.

ಎಡ ಹೃತ್ಕುಕ್ಷಿಯ (ಹೃದಯದ ಎಡ ಕೆಳಕೋಣೆಯ) ಒತ್ತಡ ಅಳೆಯುವ ಕ್ಯಾತಿಟರ್ ಎಂಬ ತೆಳು ಕೊಳವೆಯನ್ನು ಬಲ ಕಂಠಧಮನಿಯ ಮೂಲಕ ಒಳಸೇರಿಸಿದೆ. ಇದರಿಂದ ಆ ಬದಿಯ ಕೆರೋಟಿಡ್ ಕಾಯಕ್ಕೆ ಹೋಗುವ ರಕ್ತ ಕಡಿಮೆಯಾಗುವುದರಿಂದ ಎಲ್ಲ ಗುಂಪುಗಳಲ್ಲೂ ಅದೇ ಬದಿಯನ್ನು ಬಳಸಿದೆ.

ಇನ್ನು ಬ್ಲಾಕರ್‌ಗಳ ವಿಚಾರ. ಅಡ್ರಿನರ್ಜಿಕ್ ಗ್ರಾಹಕಗಳನ್ನು ಆಲ್ಫಾ ಮತ್ತು ಬೀಟಾ ಎಂದು 1948ರಲ್ಲಿ ವಿಂಗಡಿಸಿದವರು ರೇಮಂಡ್ ಆಲ್ಕ್ವಿಸ್ಟ್. ಆ ವಿಂಗಡಣೆಯ ಬೆನ್ನು ಹಿಡಿದು ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಬೀಟಾ ಗ್ರಾಹಕಗಳನ್ನು ತಡೆಯುವ ಪ್ರೊಪ್ರನೊಲೊಲ್ ಅನ್ನು ರೂಪಿಸಿದರು. ನಾನು ಪ್ರೊಪ್ರನೊಲೊಲ್ ಅನ್ನು ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ 1 ಮಿಲಿಗ್ರಾಂನಂತೆ ರಕ್ತನಾಳಕ್ಕೆ ಕೊಟ್ಟೆ. ಕೊಟ್ಟ ಮಾತ್ರಕ್ಕೆ ತಡೆ ಬಿದ್ದಿದೆ ಎಂದು ನಂಬಲಾಗದು. ಔಷಧಕ್ಕೆ ಮೊದಲು, ಬೀಟಾ ಗ್ರಾಹಕಗಳನ್ನು ಉದ್ರೇಕಿಸುವ ಐಸೊಪ್ರೆನಲಿನ್‌ನ ಸಣ್ಣ ಪ್ರಮಾಣ ಕೊಟ್ಟು ಬಡಿತ ಎಷ್ಟು ಏರುತ್ತದೆ ಎಂದು ದಾಖಲಿಸಿ, ಔಷಧದ ನಂತರ ಅಷ್ಟೇ ಪ್ರಮಾಣಕ್ಕೆ ಆ ಏರಿಕೆ ಅಳಿದುಹೋಗಿದೆಯೇ ಎಂದು ನೋಡಿ, ಪ್ರಯೋಗದ ಕೊನೆಯಲ್ಲೂ ಮತ್ತೊಮ್ಮೆ ಪರೀಕ್ಷಿಸುತ್ತಿದ್ದೆ. ಪ್ರೊಪ್ರನೊಲೊಲ್ ಹೆಚ್ಚಿನ ಸಾಂದ್ರತೆಯಲ್ಲಿ ಕೋಶದ ಪೊರೆಯಲ್ಲಿರುವ ಸೋಡಿಯಂ ಕಾಲುವೆಗಳನ್ನೂ ತಡೆದು ಸ್ನಾಯುವನ್ನು ನೇರವಾಗಿ ಮಂಕಾಗಿಸಬಲ್ಲದು. ಕನ್ನಡಿಬಿಂಬದಂತಿರುವ ಅದರ ಎರಡು ರೂಪಗಳಲ್ಲಿ ಬಲಮುರಿ ರೂಪಕ್ಕೆ ಬೀಟಾ ತಡೆಯುವ ಶಕ್ತಿ ತೀರ ಕಡಿಮೆ, ಆದರೆ ಈ ಪೊರೆಯ ಪರಿಣಾಮ ಅಷ್ಟೇ ಇದೆ. ಆದ್ದರಿಂದ ಒಂದು ಗುಂಪಿಗೆ ಅದನ್ನು ಕೊಟ್ಟು ಹೋಲಿಸಿದಾಗಲೇ ಕಂಡ ಕುಸಿತವನ್ನು ಬೀಟಾ ತಡೆಯ ಫಲವೆಂದು ಬರೆಯುವ ಧೈರ್ಯ ಬಂದದ್ದು.

ಆಲ್ಫಾ ಗ್ರಾಹಕಗಳ ವಿಷಯ ಇನ್ನಷ್ಟು ಜಟಿಲ. ಫೆಂಟಲಮಿನ್ ಆಲ್ಫಾ-1 ಮತ್ತು ಆಲ್ಫಾ-2 ಎರಡನ್ನೂ ತಡೆಯುತ್ತದೆ. ನರತುದಿಯಲ್ಲಿರುವ ಆಲ್ಫಾ-2 ಗ್ರಾಹಕಗಳು ನಾರ್ ಅಡ್ರಿನಲಿನ್ ಸ್ರಾವಕ್ಕೆ ಕಡಿವಾಣ ಹಾಕುವಂಥವು. ಅವನ್ನು ತಡೆದರೆ ಸ್ರಾವ ಹೆಚ್ಚಿ, ಹೃದಯದ ಬೀಟಾ ಗ್ರಾಹಕಗಳು ಮತ್ತಷ್ಟು ಉದ್ರೇಕಗೊಳ್ಳುತ್ತವೆ. ಅದೇ ಹೊತ್ತಿಗೆ ಒತ್ತಡ ಕುಸಿದು, ಅದರ ಪ್ರತಿವರ್ತನೆಯಾಗಿಯೂ ಬಡಿತ ಏರುತ್ತದೆ. ಆದಕಾರಣ ಆಲ್ಫಾ-1ಕ್ಕೆ ಸೀಮಿತವಾದ ಪ್ರಜೋಸಿನ್ ಅನ್ನು ಪ್ರತ್ಯೇಕ ಗುಂಪಿನಲ್ಲಿ ಬಳಸಿದೆ. ಪ್ರೊಪ್ರನೊಲೊಲ್‌ನ ಪರಿಣಾಮ ಬಹಳ ಹೊತ್ತು ಉಳಿಯುವುದರಿಂದ ಒಂದೇ ಪ್ರಾಣಿಯಲ್ಲಿ ಔಷಧಗಳ ಕ್ರಮವನ್ನು ಅದಲುಬದಲು ಮಾಡಲಾಗದು, ಮತ್ತು ಆಮ್ಲಜನಕದ ಕೊರತೆಯನ್ನು ಒಮ್ಮೆ ಕಂಡ ಪ್ರಾಣಿ ಎರಡನೆಯ ಸಲ ಅದೇ ರೀತಿ ಸ್ಪಂದಿಸುತ್ತದೆ ಎನ್ನುವಂತಿಲ್ಲ. ಔಷಧದ ಬದಲು ಬರಿಯ ಲವಣದ್ರಾವಣ ಪಡೆದ ಗುಂಪು ಇದಕ್ಕಾಗಿಯೇ ಬೇಕಾಯಿತು.

ಬೀಟಾ ತಡೆ ಬಿದ್ದ ಇಲಿಗಳಲ್ಲಿ ಆಮ್ಲಜನಕ ಇಳಿಸಿದಾಗ ಬಡಿತದ ಆರಂಭಿಕ ಏರಿಕೆ ಇಲ್ಲವಾಯಿತು. ಹೃತ್ಕುಕ್ಷಿಯ ಒತ್ತಡ ಏರುವ ಗರಿಷ್ಠ ವೇಗ ಬೇಗನೆ ತಗ್ಗಿತು, ಸಂಕೋಚನ ಮುಗಿದ ಮೇಲೂ ಹೃತ್ಕುಕ್ಷಿಯಲ್ಲಿ ಉಳಿಯುವ ಒತ್ತಡ ಹೆಚ್ಚಿತು. ಆಲ್ಫಾ-1 ತಡೆಯ ಗುಂಪಿನಲ್ಲಿ ಸ್ನಾಯುವಿನ ಬಲಕ್ಕಿಂತ ಮೊದಲು ರಕ್ತದೊತ್ತಡ ಬಿತ್ತು. ಆಮ್ಲಜನಕದ ಕೊರತೆ ದೇಹದ ರಕ್ತನಾಳಗಳನ್ನು ನೇರವಾಗಿ ಹಿಗ್ಗಿಸುತ್ತದೆ; ಅದನ್ನು ಎದುರಿಸಿ ನಾಳಗಳನ್ನು ಬಿಗಿಹಿಡಿಯುವುದು ಆಲ್ಫಾ ಗ್ರಾಹಕಗಳ ಕೆಲಸ, ಅದೇ ಇಲ್ಲವಾದಾಗ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕರೊನರಿ ಧಮನಿಗಳಿಗೆ ರಕ್ತ ನೂಕುವ ಒತ್ತಡವೂ ಉಳಿಯುವುದಿಲ್ಲ. ಒತ್ತಡ ಏರುವ ವೇಗವೆಂಬ ಅಳತೆಯೇ ರಕ್ತದೊತ್ತಡವನ್ನೂ ಹೃದಯ ತುಂಬುವ ಪ್ರಮಾಣವನ್ನೂ ಅವಲಂಬಿಸಿರುವುದರಿಂದ, ಈ ಗುಂಪಿನ ಅಂಕಿಗಳಿಂದ ಸ್ನಾಯುವಿನ ಬಗ್ಗೆ ನೇರ ತೀರ್ಮಾನಕ್ಕೆ ಹೋಗಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಸ್ನಾಯುವನ್ನೇ ಕೇಳಬೇಕಾದಾಗ ನಾನು ಆಸ್ಕರ್ ಲ್ಯಾಂಗೆಂಡಾರ್ಫ್ 1895ರಲ್ಲಿ ತೋರಿಸಿಕೊಟ್ಟ ವಿಧಾನಕ್ಕೆ ಹೊರಳಿದೆ: ಮಹಾಪಧಮನಿಗೆ ಕೊಳವೆ ಕಟ್ಟಿ, ದ್ರಾವಣವನ್ನು ಹಿಮ್ಮುಖವಾಗಿ ಹರಿಸಿ ಕರೊನರಿ ಧಮನಿಗಳಿಗೆ ಉಣಿಸುವುದು. ಶೇ 95 ಆಮ್ಲಜನಕದ ಬದಲು ಶೇ 95 ಸಾರಜನಕವನ್ನು ಹಾಯಿಸುವಾಗಲೂ ಉಳಿದ ಶೇ 5 ಇಂಗಾಲದ ಡೈಆಕ್ಸೈಡ್ ಹಾಗೆಯೇ ಇರಬೇಕು, ಇಲ್ಲದಿದ್ದರೆ ದ್ರಾವಣದ ಆಮ್ಲೀಯತೆ ಬದಲಾಗುತ್ತದೆ. ಸ್ನಾಯುಕೋಶದಲ್ಲಿ ಶಕ್ತಿಯ ತುರ್ತು ದಾಸ್ತಾನಾದ ಕ್ರಿಯೇಟಿನ್ ಫಾಸ್ಫೇಟ್ ಮೊದಲು ಕರಗಿ, ಬಿಡುಗಡೆಯಾದ ಫಾಸ್ಫೇಟ್ ಸಂಕೋಚನ ತಂತುಗಳ ಕ್ಯಾಲ್ಸಿಯಂ ಸಂವೇದನೆಯನ್ನು ತಗ್ಗಿಸುವುದರಿಂದ, ಕೋಶಕ್ಕೆ ನೇರವಾಗಿ ಶಕ್ತಿ ಕೊಡುವ ಎಟಿಪಿ ಬರಿದಾಗುವ ಎಷ್ಟೋ ಮೊದಲೇ ಬಲ ಇಳಿಯುತ್ತದೆ. ಇಲ್ಲಿ ಬೀಟಾ ಬ್ಲಾಕರ್‌ನ ಪಾತ್ರ ತಿರುಗುಮುರುಗು. ಬೇರ್ಪಟ್ಟ ಹೃದಯದ ನರತುದಿಗಳಲ್ಲೂ ನಾರ್ ಅಡ್ರಿನಲಿನ್ ದಾಸ್ತಾನು ಇದ್ದೇ ಇರುತ್ತದೆ, ಕೊರತೆಯಲ್ಲಿ ಅದು ಹೊರಬೀಳುತ್ತದೆ. ಅದರ ಒತ್ತಾಯವನ್ನು ತಡೆದರೆ ಸ್ನಾಯುವಿನ ಆಮ್ಲಜನಕದ ಬೇಡಿಕೆ ತಗ್ಗಿ ಶಕ್ತಿ ಉಳಿತಾಯವಾಗುತ್ತದೆ. ಇಡೀ ಪ್ರಾಣಿಯಲ್ಲಿ ಆಸರೆಯನ್ನು ಕಿತ್ತುಕೊಂಡ ಔಷಧವೇ ಇಲ್ಲಿ ರಕ್ಷಣೆ ನೀಡಬಲ್ಲದು. ಈ ಎರಡು ಫಲಿತಾಂಶಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಮೊದಲನೆಯದು ಪರಿಚಲನೆಯ ಅಳತೆ, ಎರಡನೆಯದು ಕೋಶದ ಲೆಕ್ಕ.

ವಾರಗಟ್ಟಲೆ ಕಡಿಮೆ ಆಮ್ಲಜನಕದಲ್ಲಿ ಇರಿಸಿದ ಇಲಿಗಳಲ್ಲಿ ಚಿತ್ರ ಮತ್ತೆ ಬೇರೆ. ಶ್ವಾಸಕೋಶದ ಧಮನಿಗಳು ಕಿರಿದಾಗಿ ಬಲ ಹೃತ್ಕುಕ್ಷಿ ದಪ್ಪವಾಗುತ್ತದೆ; ಆದ್ದರಿಂದ ಎರಡೂ ಹೃತ್ಕುಕ್ಷಿಗಳನ್ನು ಬಿಡಿಸಿ ಬೇರೆ ಬೇರೆಯಾಗಿ ತೂಗಬೇಕು. ಸತತ ಉದ್ರೇಕಕ್ಕೆ ಒಳಗಾದ ಬೀಟಾ ಗ್ರಾಹಕಗಳ ಸಂಖ್ಯೆ ಇಳಿದು, ಐಸೊಪ್ರೆನಲಿನ್‌ಗೆ ಸಿಗುವ ಪ್ರತಿಕ್ರಿಯೆಯೇ ಮೊಂಡಾಗಿರುತ್ತದೆ. ಅಂಥ ಹೃದಯದಲ್ಲಿ ಐಸೊಪ್ರೆನಲಿನ್‌ಗೆ ಏರಿಕೆ ಕಾಣದಿದ್ದರೆ ಅದು ಬ್ಲಾಕರ್‌ನ ಕೆಲಸವೋ, ಗ್ರಾಹಕಗಳೇ ಕಡಿಮೆಯಾಗಿರುವುದರ ಫಲವೋ ತಿಳಿಯುವುದಿಲ್ಲ. ಆದ್ದರಿಂದ ಬ್ಲಾಕರ್ ಕೊಡುವ ಮೊದಲು ಪ್ರತಿ ಪ್ರಾಣಿಯಲ್ಲೂ ಐಸೊಪ್ರೆನಲಿನ್‌ನ ಏರುಪ್ರಮಾಣಗಳ ರೇಖೆಯನ್ನು ಪೂರ್ತಿ ತೆಗೆದು, ಬ್ಲಾಕರ್ ನಂತರದ ರೇಖೆಯನ್ನು ಅದೇ ನಕ್ಷೆಯ ಮೇಲೆ ಎಳೆದು ಎರಡನ್ನೂ ಒಟ್ಟಿಗೆ ಓದುತ್ತೇನೆ.