ಟಿಬಿ ಮಾತ್ರೆ ನುಂಗುವ ಕ್ರಮ

ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಟಿಬಿ ಮಾತ್ರೆಯಲ್ಲಿ ಮೊದಲ ಎರಡು ತಿಂಗಳು ನಾಲ್ಕು ಔಷಧಿ ಕೂಡಿರುತ್ತವೆ: ಐಸೋನಿಯಾಜಿಡ್ 75 ಮಿ.ಗ್ರಾಂ, ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಎಥಾಂಬುಟಾಲ್ 275. ಆಮೇಲಿನ ನಾಲ್ಕು ತಿಂಗಳು ಪೈರಾಜಿನಮೈಡ್ ಇರುವುದಿಲ್ಲ, ಉಳಿದ ಮೂರು ಮುಂದುವರಿಯುತ್ತವೆ. ಇದು ಔಷಧಿಗೆ ಬಗ್ಗುವ ಸಾಮಾನ್ಯ ಶ್ವಾಸಕೋಶದ ಟಿಬಿಯ ಲೆಕ್ಕ. ಮಿದುಳು, ಬೆನ್ನುಮೂಳೆಯ ಟಿಬಿಗೆ ಹೆಚ್ಚು ತಿಂಗಳು ಬೇಕು. ಔಷಧಿಗೆ ಬಗ್ಗದ ಟಿಬಿಗೆ ಮಾತ್ರೆಗಳೇ ಬೇರೆ.

ದಿನಕ್ಕೆ ಎಷ್ಟು ಮಾತ್ರೆ ಎಂಬುದು ತೂಕದ ಮೇಲೆ. ದೊಡ್ಡವರಲ್ಲಿ 35ರಿಂದ 49 ಕೆ.ಜಿ.ಗೆ ಮೂರು, 50ರಿಂದ 64ಕ್ಕೆ ನಾಲ್ಕು. ಅಂದರೆ 55 ಕೆ.ಜಿ. ತೂಗುವವರಿಗೆ ದಿನಕ್ಕೆ 600 ಮಿ.ಗ್ರಾಂ ರಿಫಾಂಪಿಸಿನ್ ಸಿಗುತ್ತದೆ. ಚಿಕಿತ್ಸೆಯ ನಡುವೆ ತೂಕ ಐದು ಕೆ.ಜಿ.ಗಿಂತ ಹೆಚ್ಚು ಏರಿ ಮುಂದಿನ ಗುಂಪಿಗೆ ಹೋದರೆ ಮಾತ್ರೆಯ ಲೆಕ್ಕವೂ ಬದಲಾಗಬೇಕು. ಹಾಗಾಗಿ ಪ್ರತಿ ತಿಂಗಳು ತೂಕ ನೋಡಿಸಿ.

ಮೂರಿರಲಿ ನಾಲ್ಕಿರಲಿ, ದಿನದ ಮಾತ್ರೆಗಳನ್ನೆಲ್ಲ ಒಂದೇ ಸಲ ನುಂಗಬೇಕು. ‘ಹೊಟ್ಟೆಗೆ ಭಾರ’ ಎಂದು ಬೆಳಿಗ್ಗೆ ಎರಡು, ರಾತ್ರಿ ಎರಡು ಮಾಡಿಕೊಳ್ಳುವವರು ಬಹಳ. ಹಾಗೆ ಮಾಡಿದರೆ ರಕ್ತದಲ್ಲಿ ರಿಫಾಂಪಿಸಿನ್ ಏರಬೇಕಾದ ಮಟ್ಟಕ್ಕೆ ಏರುವುದೇ ಇಲ್ಲ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಊಟವಾಗಿ ಎರಡು ಗಂಟೆ ಬಿಟ್ಟು, ಒಂದು ಲೋಟ ನೀರಿನೊಂದಿಗೆ ನುಂಗಿ. ಖಾಲಿ ಹೊಟ್ಟೆಯಲ್ಲಿ ತೀರಾ ಓಕರಿಕೆ ಬಂದರೆ ಮಾತ್ರೆ ಬಿಡಬೇಡಿ. ವೈದ್ಯರನ್ನು ಕೇಳಿ ಒಂದು ಇಡ್ಲಿ ತಿಂದು ನುಂಗಬಹುದು, ಅಥವಾ ಮಲಗುವ ಹೊತ್ತಿಗೆ ಬದಲಿಸಿಕೊಳ್ಳಬಹುದು. ಗ್ಯಾಸ್‌ಗೆಂದು ಕುಡಿಯುವ ಆಂಟಾಸಿಡ್ ಮಾತ್ರ ಅದೇ ಹೊತ್ತಿಗೆ ಬೇಡ, ಟಿಬಿ ಮಾತ್ರೆ ನುಂಗಿ ಒಂದು ಗಂಟೆಯಾದರೂ ಕಳೆಯಲಿ.

ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಅದು ರಿಫಾಂಪಿಸಿನ್ ಬಣ್ಣ, ರಕ್ತವಲ್ಲ. ಕಾಂಟ್ಯಾಕ್ಟ್ ಲೆನ್ಸ್‌ಗೆ ಹತ್ತಿದ ಕಲೆ ಹೋಗುವುದಿಲ್ಲ, ಕನ್ನಡಕ ಹಾಕಿಕೊಳ್ಳಿ.

ಹೆದರಬೇಕಾದದ್ದು ಬೇರೆ. ಕಣ್ಣಿನ ಬಿಳಿಭಾಗ ಹಳದಿಯಾಗಿದೆಯೇ ಎಂದು ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿ, ಟ್ಯೂಬ್‌ಲೈಟಿನಲ್ಲಿ ಗೊತ್ತಾಗದು. ಹಳದಿ ಕಂಡರೆ, ಅಥವಾ ಊಟ ಸೇರದೆ ವಾಂತಿ ನಿಲ್ಲದೆ ಬಲಪಕ್ಕೆಯ ಕೆಳಗೆ ನೋವು ಬಂದರೆ, ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ. ಇದು ಯಕೃತ್ತಿಗೆ ಬಿದ್ದ ಪೆಟ್ಟು. ಕಾಮಾಲೆಗೆ ನಾಟಿ ಔಷಧಿ ಹುಡುಕಿಕೊಂಡು ಹೋಗಿ ದಿನ ಕಳೆಯುವುದು ಅಪಾಯ. ಆರು ತಿಂಗಳೂ ಹೆಂಡ, ಬ್ರಾಂದಿ ಮುಟ್ಟದಿರುವುದಕ್ಕೆ ಕಾರಣವೂ ಇದೇ. ದೃಷ್ಟಿ ಮಂಜಾದರೆ, ಕೆಂಪು–ಹಸಿರು ವ್ಯತ್ಯಾಸ ತಿಳಿಯದಾದರೆ ಅದು ಎಥಾಂಬುಟಾಲ್ ತೊಂದರೆ, ಆಗಲೂ ತಡಮಾಡಬೇಡಿ. ಅಂಗಾಲು ಉರಿ, ಜೋಮು ಐಸೋನಿಯಾಜಿಡ್‌ನಿಂದ ಬರುತ್ತವೆ. ಅದನ್ನು ತಡೆಯಲೆಂದೇ ಪಿರಿಡಾಕ್ಸಿನ್ ಮಾತ್ರೆ ಕೊಡುತ್ತಾರೆ. ಕೀಲುನೋವು ಹೆಚ್ಚಾಗಿ ಪೈರಾಜಿನಮೈಡ್‌ನದು.

ರಿಫಾಂಪಿಸಿನ್ ಬೇರೆ ಔಷಧಿಗಳ ಬಲ ಕುಗ್ಗಿಸುತ್ತದೆ. ಗರ್ಭನಿರೋಧಕ ಮಾತ್ರೆಯನ್ನೇ ನಂಬಿಕೊಂಡವರು ಬೇರೆ ವಿಧಾನ ಕೇಳಿ ತಿಳಿದುಕೊಳ್ಳಬೇಕು. ಸಕ್ಕರೆ ಕಾಯಿಲೆ, ಫಿಟ್ಸ್, ಎಚ್‌ಐವಿ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು ಆ ಚೀಟಿಗಳನ್ನೆಲ್ಲ ಮೊದಲ ದಿನವೇ ವೈದ್ಯರ ಮುಂದಿಡಿ.

ಮರೆತದ್ದು ಅದೇ ದಿನ ನೆನಪಾದರೆ ನುಂಗಿ. ಮರುದಿನ ಎರಡರಷ್ಟು ಬೇಡ. ಹಲವು ದಿನ ತಪ್ಪಿದ್ದರೆ ತಾವಾಗಿ ಮತ್ತೆ ಶುರು ಮಾಡದೆ ಕೇಂದ್ರಕ್ಕೆ ಹೋಗಿ, ಏಕೆಂದರೆ ಬಿಟ್ಟು ಬಿಟ್ಟು ನುಂಗಿದ ರಿಫಾಂಪಿಸಿನ್ ಚಳಿಜ್ವರ ತರಬಹುದು, ಅಪರೂಪಕ್ಕೆ ಪ್ಲೇಟ್‌ಲೆಟ್ ಇಳಿಸಿ ಕಿಡ್ನಿಗೂ ತೊಂದರೆ ಕೊಡಬಹುದು. ಕೆಲವೇ ವಾರಗಳಲ್ಲಿ ಕೆಮ್ಮು, ಜ್ವರ ಇಳಿದು ಹಸಿವೆ ಬರುತ್ತದೆ; ಹೆಚ್ಚಿನವರು ಕೈಬಿಡುವುದು ಆಗಲೇ. ಆದರೆ ನಿಧಾನವಾಗಿ ಬೆಳೆಯುವ ರೋಗಾಣು ಇನ್ನೂ ಉಳಿದಿರುತ್ತದೆ.

ಕೂಲಿಗೋ ಮದುವೆಗೋ ಬೇರೆ ಊರಿಗೆ ಹೊರಟರೆ ಮೊದಲೇ ಆಶಾ ಕಾರ್ಯಕರ್ತೆಗೆ ತಿಳಿಸಿ ಮಾತ್ರೆ ಪಡೆದುಕೊಳ್ಳಿ. ನಿಕ್ಷಯ್ (ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ನೋಂದಣಿ) ಗುರುತಿನ ಸಂಖ್ಯೆ ಇದ್ದರೆ ಅಲ್ಲಿನ ಸರ್ಕಾರಿ ಕೇಂದ್ರಕ್ಕೆ ಚಿಕಿತ್ಸೆ ವರ್ಗಾಯಿಸಿಕೊಳ್ಳಬಹುದು. ಸಹಾಯವಾಣಿ 1800-11-6666.